ಒಂದೇ ಎಳೆ

ಡಾಕ್ಟರ ಬಿಳಿ ಕೋಟಿನ ಎರಡನೆಯ ಗುಂಡಿ ಸಡಿಲವಾಗಿದೆ, ಒಂದೇ ಎಳೆಯಲ್ಲಿ ನೇತಾಡುತ್ತಿದೆ, ಅವರು ಮಾತಾಡಿದ ಹಾಗೆಲ್ಲ ತೂಗುತ್ತದೆ, ಇಷ್ಟು ಓದಿದವರ ಮನೆಯಲ್ಲಿ ಒಂದು ಸೂಜಿಯೂ ಇಲ್ಲವೇ ಎಂದುಕೊಂಡಳು ಅವಳು, ಎರಡು ನಿಮಿಷದ ಕೆಲಸ, ಆದರೆ ಸೂಜಿಗೆ ದಾರ ಪೋಣಿಸಬೇಕೆಂದರೆ ತಲೆ ಬಗ್ಗಿಸಬೇಕು, ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಮಿಂಚು ಹರಿದು ಎರಡೂ ಕೈ ಜೋಮು ಹಿಡಿಯುತ್ತವೆ, ಅದಕ್ಕೇ ಅಲ್ಲವೇ ಕೊರಳಿಗೆ ಈ ಗಟ್ಟಿ ಪಟ್ಟಿ — ಇಪ್ಪತ್ತು ವರ್ಷ ಗಂಡನ ಟೈಲರ್ ಅಂಗಡಿಯಲ್ಲಿ ಕಂಡವರ ಅಂಗಿಗೆಲ್ಲ ಕಾಲರು ಕೂರಿಸಿದವಳಿಗೆ ಕೊನೆಗೆ ಸಿಕ್ಕಿದ ಕಾಲರು ಇದು, ಅಂಚು ಕೂಡ ನೆಟ್ಟಗೆ ಮಡಿಸಿಲ್ಲ, ಗದ್ದ ತರಚುತ್ತದೆ. ಬೆಳಕಿನ ಹಲಗೆಯ ಮೇಲಿನ ಎಕ್ಸ್-ರೇಗೆ ಪೆನ್ನು ತಾಗಿಸಿ ಡಾಕ್ಟರು ಹೇಳುತ್ತಿದ್ದಾರೆ, ಕತ್ತಿನ ತೀರ ಮೇಲ್ತುದಿಯ ಎರಡು ಮೂಳೆ ನೋಡಿ, ಇವನ್ನು ಹಿಡಿದಿಟ್ಟಿದ್ದ ಕಟ್ಟನ್ನು ಸಂಧಿವಾತ ತಿಂದುಹಾಕಿದೆ, ತಲೆ ಎತ್ತಿದಾಗ ಸರಿಯಾಗಿ ಕೂರುತ್ತೆ, ಬಗ್ಗಿಸಿದಾಗ ಮೇಲಿನದು ಮುಂದಕ್ಕೆ ಜಾರುತ್ತೆ, ಹಿಂದೆ ಇರೋದು ಬೆನ್ನುಹುರಿ, ಒಂದು ದಿನ ಎಡವಿದರೂ ಸಾಕು, ಕೈಕಾಲು ಬಿದ್ದುಹೋಗಬಹುದು. ಹೇಳುವುದೆಲ್ಲ ಗಂಡನ ಮುಖ ನೋಡಿ, ಕತ್ತು ಅವನದೇ ಎಂಬಂತೆ.

ಅಲ್ಲ ಡಾಕ್ಟ್ರೇ, ಎಂದ ಗಂಡ, ಇವಳ ಬೆರಳು ನೋಡಿ ಹೇಗಿದೆ, ಆ ಹೊಸ ಇಂಜೆಕ್ಷನ್ ಶುರುವಾದ ಮೇಲೆ ಊತವೇ ಇಲ್ಲ, ರಕ್ತದ ರಿಪೋರ್ಟೂ ಚೆನ್ನಾಗಿದೆ, ಮತ್ತೆ ಕತ್ತಿಗೇನು ಬಂತು? ಬೆರಳು, ಬೆರಳು, ಯಾವಾಗಲೂ ಬೆರಳೇ, ಮದ್ದು ಕೊಟ್ಟ ಆ ಇನ್ನೊಬ್ಬ ಡಾಕ್ಟರೂ ಬೆರಳನ್ನೇ ಒತ್ತಿ ನೋಡಿದರು, ಕತ್ತು ನೋವು ಅಂದರೆ ಮಿಷನ್ ಮುಂದೆ ಕೂರೋರಿಗೆ ಅದು ಇದ್ದದ್ದೇ ಅಂದರು, ಅವಳೂ ಹಾಗೇ ನಂಬಿದಳು. ಇಂಜೆಕ್ಷನ್ ಹೊಸ ಹಾನಿ ತಡೆಯುತ್ತಪ್ಪ, ಎಂದರು ಡಾಕ್ಟರು, ಆಗಿಹೋದದ್ದನ್ನು ಹೊಲಿದು ಕೊಡೋದಿಲ್ಲ, ಮೊದಲೇ ಸರಿಯಾದ ಮದ್ದು ತಗೊಂಡಿದ್ದರೆ — ಮೊದಲೇ! ಮೊದಲು ಬರೆದುಕೊಟ್ಟದ್ದು ವಾರಕ್ಕೊಮ್ಮೆ ನುಂಗುವ ಮಾತ್ರೆ, ನುಂಗಿದ ಮರುದಿನವೆಲ್ಲ ವಾಕರಿಕೆ, ಶಾಲೆ ಮಕ್ಕಳ ಅಂಗಿ ರಾಶಿ ಬಿದ್ದಿದೆ, ನೀನು ಮಲಗಿದರೆ ಕಾಲರು ಯಾರು ಕೂರಿಸ್ತಾರೆ, ನಿಮ್ಮಪ್ಪ ಬರ್ತಾರಾ, ಅಂತ ಗಂಡ ಅದನ್ನು ಬಿಡಿಸಿ ಔಷಧಿ ಅಂಗಡಿಯಿಂದ ಸಣ್ಣ ಬಿಳಿ ಮಾತ್ರೆ ತಂದ, ಸ್ಟೀರಾಯ್ಡು, ಎಂಥ ಮಾಯೆ, ಬೆಳಗಾಗುವಷ್ಟರಲ್ಲಿ ಮುಷ್ಟಿ ಬಿಚ್ಚಿತು, ಅತ್ತೆ ಬಂದವರಿಗೆಲ್ಲ ಹೇಳಿದರು, ನಮ್ಮ ಸೊಸೆ ಕೂತರೆ ತಲೆ ಎತ್ತೋದಿಲ್ಲ, ಹಿಗ್ಗಿದಳು ಅವಳು, ಹಿಗ್ಗಿ ಇನ್ನಷ್ಟು ಬಗ್ಗಿದಳು, ವರ್ಷಗಟ್ಟಲೆ ಆ ಬಿಳಿ ಮಾತ್ರೆ, ಕೈ ಚುರುಕು, ಒಳಗೊಳಗೇ ಕತ್ತು ಕಳಚುತ್ತಿತ್ತು, ಈಗ ಮೂಳೆಯೂ ಟೊಳ್ಳು ಎನ್ನುತ್ತಿದ್ದಾರೆ, ಅದೇ ಮಾತ್ರೆಯಿಂದ, ಆಪರೇಷನ್ ಮಾಡಿ ಸ್ಕ್ರೂ ಹಾಕಿ ಎರಡು ಮೂಳೆಯನ್ನೂ ಬಿಗಿದರೂ ಹಿಡಿತ ಸಿಗುತ್ತೋ ಇಲ್ಲವೋ ನೋಡಬೇಕು, ನೋಡುವುದೇನು, ಜಾಳಾದ ಬಟ್ಟೆಯಲ್ಲಿ ಹೊಲಿಗೆ ನಿಂತೀತೇ.

ಬಿಗಿದ ಮೇಲೆ ತಲೆ ಬಗ್ಗಿಸಿ ಮಿಷನ್ ತುಳೀಬಹುದಾ ಸಾರ್? ಗಂಡನ ಪ್ರಶ್ನೆ. ಇಲ್ಲ, ಕತ್ತು ಅರ್ಧ ತಿರುಗೋದೂ ಕಷ್ಟ. ಹಾಗಾದ್ರೆ ಈ ಆರ್ಡರ್ ಒಂದು ಮುಗಿದುಬಿಡಲಿ, ಮುಂದಿನ ತಿಂಗಳು ಮಾಡಿಸೋಣ, ಏನೇ? — ಏನೇ ಎಂದರೆ ಹೂಂ ಎನ್ನಬೇಕು, ಇಷ್ಟು ವರ್ಷ ತಲೆ ತಾನಾಗಿಯೇ ಆಡಿದೆ, ಈಗಲೂ ಆಡಹೊರಟಿತು, ಗದ್ದ ಪಟ್ಟಿಯ ಅಂಚಿಗೆ ಬಡಿದು ನಿಂತಿತು. ಥೂ, ಮುರಿದು ಬೀಳುವವರೆಗೂ ಹೂಂ ಎನ್ನುತ್ತದಲ್ಲ ಈ ಹಾಳು ಕತ್ತು. ಇವತ್ತೇ ಸೇರಿಸ್ಕೊಳ್ಳಿ ಡಾಕ್ಟ್ರೇ — ಯಾರ ದನಿ ಇದು, ಅವಳದೇ, ಗಂಡ ತಿರುಗಿ ನೋಡುತ್ತಿದ್ದಾನೆ, ಅವಳು ತಿರುಗುವಂತಿಲ್ಲ, ಒಳ್ಳೆಯದೇ ಆಯಿತು, ಎದುರಿಗೆ ಕಾಣುವುದು ಕೋಟು ಮಾತ್ರ, ಸ್ಕ್ರೂ ಹಿಡಿಯುತ್ತದೋ, ಹಿಡಿಯದೋ, ಡಾಕ್ಟರು ಫೋನಿಗೆ ಕೈ ಚಾಚಿದರು, ಗುಂಡಿ ಮುಂದಕ್ಕೆ ಜಾರಿತು, ಹಿಂದಕ್ಕೆ ಬಂತು, ಬಿದ್ದಿಲ್ಲ, ಇನ್ನೂ ಬಿದ್ದಿಲ್ಲ, ಗುಂಡಿ, ಒಂದು ಎಳೆ, ಗುಂಡಿ —