ಅರವತ್ತೊಂದು ಸಾವಿರ ಕಿಲೋಮೀಟರ್

"ತಾತ, ಈ ರಬ್ಬರು ಯಾವಾಗ ಹಾಕ್ಸಿದ್ದು?" ಹಳೇ ಕಾರುಗಳ ವ್ಯಾಪಾರಿ ಬಿಸೆರ್ ಕಾರಿನೊಳಗೆ ಬಗ್ಗಿ ಕ್ಲಚ್ ಪೆಡಲನ್ನು ಬೆರಳಿಂದ ತಟ್ಟಿದ.

"ಹೋದ ವಾರ," ಎಂದ ವೆಲ್ಕೊ. "ಹಳೇದೇನೂ ಸವೆದಿರ್ಲಿಲ್ಲ, ಒಂದ್ಕಡೆ ಬಿರುಕು ಬಿಟ್ಟಿತ್ತು. ಕೊಡೋ ವಸ್ತು ಚೆನ್ನಾಗಿರ್ಲಿ ಅಂತ ಬದಲಾಯಿಸ್ದೆ."

"ಸ್ಟೀರಿಂಗಿಗೂ ಹೊಸ ಕವರು."

"ಅದೂ ಅದಕ್ಕೇ."

ಬಿಸೆರ್ ಹೊರಗೆ ಬಂದು, ಇಲ್ಲದ ಧೂಳನ್ನು ಕೈಯಿಂದ ಕೊಡವಿಕೊಂಡು ನಕ್ಕ. "ಇಪ್ಪತ್ತು ವರ್ಷದ ಗಾಡಿ, ಮೀಟರಲ್ಲಿ ಬರೀ ಅರವತ್ತೊಂದು ಸಾವಿರ! ಅಜ್ಜ ಚರ್ಚಿಗೆ, ಅಜ್ಜಿ ಸಂತೆಗೆ, ಅಲ್ವಾ? ಈ ಕಥೆ ದಿನಾ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ ತಾತ. ಒಂದೂವರೆ ಸಾವಿರ ಲೆವ ಕೊಡ್ತೀನಿ. ಅದರ ಮೇಲೆ ಕೇಳ್ಬೇಡಿ."

ಅವರು ಚರ್ಚಿಗೂ ಸಂತೆಗೂ ಮಾತ್ರ ಹೋಗಿದ್ದು ನಿಜವೇ ಆಗಿತ್ತು. ಸೊಂಟದ ಆಪರೇಷನ್ ಆದಮೇಲೆ ವೆಲ್ಕೊನ ಎಡಗಾಲಿಗೆ ಕ್ಲಚ್ ತುಳಿಯುವ ಶಕ್ತಿ ಉಳಿದಿರಲಿಲ್ಲ. ಹೆಂಡತಿ ರಾದ್ಕಾಳಿಗೆ ಗಾಡಿ ಓಡಿಸಲು ಬಾರದು. ಇವತ್ತೂ ಪಕ್ಕದ ಮನೆಯವನೇ ಓಡಿಸಿಕೊಂಡು ಬಂದು ಬಿಟ್ಟು ಹೋಗಿದ್ದ. ಊರಿನ ಬಸ್ಸು ನಿಂತುಹೋಗಿ ಎರಡು ಚಳಿಗಾಲ ಕಳೆದಿತ್ತು. ಪ್ಲೆವೆನ್ ರಸ್ತೆಯ ಈ ಅಂಗಳದ ಮೂಲೆಯಲ್ಲಿ ಕ್ಲಚ್ಚೇ ಇಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಬೂದು ಬಣ್ಣದ ಕಾರೊಂದು ನಿಂತಿತ್ತು. ಹಳೆಯದಕ್ಕೆ ಮೂರು ಸಾವಿರ ಸಿಕ್ಕರೆ ಮಾತ್ರ ಅದು ಅವರದು. ಇಲ್ಲದಿದ್ದರೆ ಇನ್ನು ಗಂಡ ಹೆಂಡತಿ ಇಬ್ಬರೂ ಗುಡ್ಡದ ಮೇಲಿನ ತಮ್ಮ ಊರಲ್ಲೇ ಕೂತಿರಬೇಕು, ಔಷಧಿಗೂ ಯಾರದ್ದಾದರೂ ಬಾಗಿಲು ತಟ್ಟಬೇಕು.

ಸಿಂಗಾರ ಮಾಡಿ ತಂದದ್ದೇ ತಪ್ಪಾಯಿತು. ಗಾಡಿ ಎಷ್ಟು ಓಡಿದೆಯೆಂದು ಸವೆತದಲ್ಲಿ ಕಾಣಬಾರದೆಂದು ಮೋಸಗಾರರು ಮೊದಲು ಬದಲಾಯಿಸುವುದೂ ಪೆಡಲಿನ ರಬ್ಬರನ್ನೇ ಎಂದು ವೆಲ್ಕೊನಿಗೆ ಹೇಗೆ ತಿಳಿಯಬೇಕು? ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ಬೀಟ್ ಗಡ್ಡೆಯ ಗಾಡಿಗಳನ್ನು ತೂಗಿ ತೂಗಿ ತಲೆ ನರೆತವನು ಅವನು. ಒಂದು ಕಿಲೋ ಅತ್ತಿತ್ತ ಆಗಗೊಡದೆ ಊರವರಿಂದಲೂ ಬೈಸಿಕೊಂಡಿದ್ದ, ಮೇಲಿನವರಿಂದಲೂ ಬೈಸಿಕೊಂಡಿದ್ದ. ಆ ಬೈಗುಳಗಳನ್ನೆಲ್ಲ ಪದಕಗಳ ಹಾಗೆ ಜೋಪಾನವಾಗಿಟ್ಟುಕೊಂಡಿದ್ದ. ಈಗ ಮೊಮ್ಮಗನ ವಯಸ್ಸಿನವನೊಬ್ಬ ಹಲ್ಲು ಕಿರಿಯುತ್ತ ನಿಂತಿದ್ದಾನೆ. ವೆಲ್ಕೊನ ಮೈಯೆಲ್ಲ ಉರಿಯಿತು.

"ನನ್ನನ್ನ ಸುಳ್ಳ ಅಂತೀಯೇನೋ?"

"ಕೋಪ ಯಾಕೆ ತಾತ? ಮೀಟರ್ ಹಿಂದಕ್ಕೆ ತಿರುಗಿಸೋದು ತಪ್ಪು ಅಂದ್ನಾ ನಾನು? ಎಲ್ರೂ ತಿರುಗಿಸ್ತಾರೆ. ಎಷ್ಟು ತಿರುಗ್ಸಿದ್ರಿ ಅಂತ ಬಾಯಿ ಬಿಟ್ರೆ ನಂಗೂ ಒಂದು ಅಂದಾಜು ಸಿಗುತ್ತೆ, ಬೆಲೆನೂ ಸಿಗುತ್ತೆ. ಬಾಯೇ ಬಿಡದಿದ್ರೆ? ಎರಡು ಲಕ್ಷ ಓಡಿದ್ಯೋ, ಮೂರೋ, ನಾನ್ಯಾಕೆ ಕತ್ತಲಲ್ಲಿ ದುಡ್ಡು ಸುರೀಲಿ?"

"ಸರ್ವಿಸ್ ಪುಸ್ತಕ ಇದೆ, ನೋಡು!"

"ಅದೂ ಪೇಟೇಲಿ ಸಿಗುತ್ತೆ ತಾತ, ಮೊಹರಿನ ಸಮೇತ."

"ನಡಿ ರಾದ್ಕಾ! ಈ ಕಳ್ಳರ ಸಂತೇಲಿ ಒಂದು ಗಳಿಗೆ ನಿಲ್ಲಬಾರ್ದು!" ಎಂದು ವೆಲ್ಕೊ ರಭಸದಿಂದ ತಿರುಗಿದ. ಎಡಗಾಲು ಮಡಚಿಕೊಂಡಿತು. ಕಾರಿನ ಬಾಗಿಲು ಕೈಗೆ ಸಿಗದಿದ್ದರೆ ಬಿದ್ದೇಬಿಡುತ್ತಿದ್ದ.

ರಾದ್ಕಾ ಆ ಕಾಲನ್ನು ನೋಡಿದಳು. ಆಮೇಲೆ ಬಿಸೆರನ ಕಡೆ ತಿರುಗಿದಳು.

"ಒಂದು ಲಕ್ಷದ ನಲವತ್ತು ಸಾವಿರ ಓಡಿತ್ತಪ್ಪ," ಎಂದಳು. "ಇವನೇ ತಿರುಗ್ಸಿದ್ದು. ಬೇಡ ಅಂತ ಬಡ್ಕೊಂಡೆ, ಕೇಳ್ಲಿಲ್ಲ. ಮೊದಲಿಂದ್ಲೂ ಮೊಂಡ."

ವೆಲ್ಕೊ ಹೆಂಡತಿಯ ಕಡೆ ತಿರುಗಿದ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳು! ಅವಳ ಮೇಲೆ ಬಂದಷ್ಟು ಸಿಟ್ಟು ಆ ಹುಡುಗನ ಮೇಲೂ ಬಂದಿರಲಿಲ್ಲ. ಸುಳ್ಳು ಎಂದು ಕೂಗಿದ್ದರೆ ಸಾಕಿತ್ತು, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕೂಗಲಿಲ್ಲ. ಕೂಗದ ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು.

ಬಿಸೆರನ ಮುಖ ಅರಳಿತು. ವೆಲ್ಕೊನ ಬೆನ್ನಿಗೊಂದು ಗುದ್ದು ಕೊಟ್ಟ. "ಹಂಗ್ ಹೇಳು ತಾತ! ಈಗ ನೀನು ನಮ್ಮೋನಾದೆ. ತಗೋ, ಮೂರು ಸಾವಿರ!" ಎಂದು ಒಳಗೆ ಕರೆದೊಯ್ದು ಕಾಫಿಯನ್ನೂ ಕೊಡಿಸಿದ. ಅಷ್ಟು ಹೊತ್ತು ಇದ್ದ ಬಹುವಚನ ಎಲ್ಲಿ ಹೋಯಿತೋ. ವೆಲ್ಕೊ ಕಾಗದಗಳಿಗೆ ಸಹಿ ಹಾಕಿದ, ಕಾಫಿ ಮುಟ್ಟಲಿಲ್ಲ.

ಹೊರಡುವಾಗ ಬಿಸೆರ್ ಬೂದು ಕಾರಿನ ಮುಂದೆ ಒಂದು ಬಾಟಲಿ ನೀರು ಚೆಲ್ಲಿದ. ಹೊಸ ಗಾಡಿಯ ದಾರಿ ನೀರಿನ ಹಾಗೆ ಸರಾಗವಾಗಲಿ ಎಂದು ಎಲ್ಲರೂ ಮಾಡುವುದೇ. ಅಷ್ಟರಲ್ಲಿ ಗಂಡ ಹೆಂಡತಿ ಜೋಡಿಯೊಂದು ಅಂಗಳಕ್ಕೆ ಬಂದು ವೆಲ್ಕೊನ ಹಳೆಯ ಕಾರಿನ ಮುಂದೆ ನಿಂತಿತು. ಗಾಜಿನ ಒಳಗೆ ಆಗಲೇ ಕಾಗದ ಅಂಟಿಸಿತ್ತು: 61,000 ಕಿ.ಮೀ.

"ಇದು ನಿಜಾನಾ?" ಎಂದು ಕೇಳಿದಳು ಹೆಂಡತಿ.

"ಅಕ್ಕಾ, ಅಜ್ಜ ಒಬ್ರು ಇಟ್ಕೊಂಡಿದ್ರು. ಚರ್ಚಿಗೆ, ಸಂತೆಗೆ, ಅಷ್ಟೇ," ಎಂದ ಬಿಸೆರ್. ಗಂಡ ಪಕಪಕನೆ ನಕ್ಕ.

ಬೂದು ಕಾರಿನಲ್ಲಿ ಕೂತಿದ್ದ ವೆಲ್ಕೊ ಕಿಟಕಿ ಇಳಿಸಿದ. "ನಿಜ! ಅದು ನಿಜ!" ಎಂದು ಗಂಟಲು ಹರಿಯುವ ಹಾಗೆ ಕೂಗಿದ. "ನನ್ನ ಗಾಡಿ ಅದು! ಒಂದು ಕಿಲೋಮೀಟರೂ ಹೆಚ್ಚು ಕಮ್ಮಿ ಇಲ್ಲ!"

ಆ ಗಂಡ ಅವನನ್ನು ಮೇಲಿಂದ ಕೆಳಗೆ ನೋಡಿ ಬಿಸೆರನ ಕಡೆ ತಿರುಗಿದ. "ಈ ತಾತನಿಗೆ ದಿನಕ್ಕೆಷ್ಟು ಕೊಡ್ತೀಯಣ್ಣ?"

ಬಿಸೆರ್ ವೆಲ್ಕೊನಿಗೆ ಕಣ್ಣು ಮಿಟುಕಿಸಿದ.

ಕಿಟಕಿ ಮೇಲೇರಿತು. ಪಕ್ಕದಲ್ಲಿ ರಾದ್ಕಾ ಕೈಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದಳು. "ಬೈಯೋದಿದ್ರೆ ಬೈದ್ಬಿಡು," ಎಂದಳು.

ಎದುರಿಗೆ ಹೊಸ ಗಾಡಿಯ ಮೀಟರು ಎಂಬತ್ತನಾಲ್ಕು ಸಾವಿರ ಎಂದು ಹೊಳೆಯುತ್ತಿತ್ತು. ವೆಲ್ಕೊ ತಲೆಯ ಟೋಪಿ ತೆಗೆದು ಅದರ ಮೇಲೆ ಮುಚ್ಚಿದ. ಇಂಜಿನ್ ಶುರುವಾಯಿತು. ಅವನ ನೋಯುವ ಎಡಗಾಲು ಕ್ಲಚ್ ಹುಡುಕುತ್ತ, ಏನೂ ಇಲ್ಲದ ಕಡೆ ಒತ್ತುತ್ತಲೇ ಇತ್ತು.