ಹಗುರದ ಕೆಲಸ

"ತುಳಿಯೇ ಮುಂಡೇದೆ. ನಿಂತಲ್ಲೇ ತೂಕಡಿಸ್ತೀಯಾ? ಹೊಟ್ಟೇಲಿರೋದು ಕೂಸೋ, ಗುಂಡುಕಲ್ಲೋ?"

ಮೇಸ್ತ್ರಿ ಬೈಯುತ್ತಿದ್ದದ್ದು ನನ್ನ ಓರಗಿತ್ತಿಯನ್ನು. ಅವಳಿಗೆ ದಿನ ತುಂಬಿತ್ತು. ಬಾವಿಯ ಪಕ್ಕದ ಪಂಪಿನ ಮೇಲೆ ನಿಂತು, ಅಡ್ಡ ಕಟ್ಟಿದ ಬಿದಿರು ಗಳುವನ್ನು ಹಿಡಿದು, ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಿದ್ದಳು. ತುಳಿದಾಗಲೆಲ್ಲ ಕೊಳವೆಯಿಂದ ಒಂದಿಷ್ಟು ನೀರು ಧಣಿಯ ತೊಟ್ಟಿಗೆ ಬೀಳುತ್ತಿತ್ತು. ಅವಳ ಕಾಲುಗಳು ಎಷ್ಟು ಬಾತಿದ್ದವೆಂದರೆ ಹಿಮ್ಮಡಿ ಯಾವುದು, ಮೀನಖಂಡ ಯಾವುದು ತಿಳಿಯುತ್ತಿರಲಿಲ್ಲ.

"ಅವಳನ್ನ ಇಳಿಸಣ್ಣ, ನಾನು ಹತ್ತುತೀನಿ" ಅಂದೆ.

"ನಿನ್ನ ಸರದಿ ಆಯ್ತಲ್ಲ, ಕಳೆ ಕೀಳು ಹೋಗು. ಇದೇನು ಬಂಡೆ ಒಡೆಯೋ ಕೆಲಸಾನಾ? ನಡೆದಾಡಿದ ಹಾಗೆ ಅಷ್ಟೆ. ಬಸುರೀರಿಗೆ ಒಳ್ಳೇದು ಅಂತ ಧಣಿಗಳೇ ಹೇಳಿದಾರೆ."

ಧಣಿ ಹೆತ್ತು ಬಲ್ಲವನಲ್ಲವೇ, ಹೇಳಿರುತ್ತಾನೆ.

ನಮ್ಮ ಕಡೆಗೆ ಕರೆಂಟು ಬಂದಿಲ್ಲ. ಮೊದಲು ಈ ಬಾವಿಯ ನೀರನ್ನು ನನ್ನ ಗಂಡ, ಮೈದುನ ಹಗ್ಗ ಹಾಕಿ ಸೇದುತ್ತಿದ್ದರು. ಬೆನ್ನು ಮುರಿಯುವ ಕೆಲಸ, ಅದಕ್ಕೇ ಕೂಲಿ ಇತ್ತು. ಹೆರಿಗೆ ಹತ್ತಿರವಾದ ಹೆಂಗಸಿಗೆ ಕೂತು ಮಾಡುವ ಕೆಲಸ ಕೊಡುವುದು ಧಣಿಯ ಅಪ್ಪನ ಕಾಲದಿಂದ ನಡೆದುಬಂದಿತ್ತು. ಬೀಜ ಆರಿಸುವುದು, ಹಗ್ಗ ಹೊಸೆಯುವುದು, ಹೀಗೆ. ಆ ಮುದುಕ ಒಳ್ಳೆಯವನೇನೂ ಅಲ್ಲ. ಬಾವಿಯ ಹಗ್ಗ ಬಸುರಿಯ ಕೈಗೆ ಬಗ್ಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಅಷ್ಟೆ.

ಆಮೇಲೆ ಪಂಪಿನ ಸಾಹೇಬ ಬಂದ. ಪಟ್ಟಣದಲ್ಲಿ ಓದಿದವನು, ಆದರೂ ನಮ್ಮ ಗುಡಿಸಲ ಮುಂದೆ ನೆಲದ ಮೇಲೇ ಕೂರುತ್ತಿದ್ದ. ಬಾವಿಯ ಪಕ್ಕ ಈ ತುಳಿಯುವ ಪಂಪನ್ನು ನಿಲ್ಲಿಸಿ, ಹಲಗೆಗೆ ಸಾಲಾಗಿ ತೂತು ಕೊರೆದು, ನೀರೆತ್ತುವ ಸರಳನ್ನು ಬೋಲ್ಟು ಹಾಕಿ ಕೂರಿಸಿದ. ಪಾದದ ಕಡೆಯ ತೂತಿಗೆ ಹಾಕಿದರೆ ನೀರು ದಂಡಿಯಾಗಿ ಬರುತ್ತದೆ, ತುಳಿಯಲು ಗಟ್ಟಿ ಆಳು ಬೇಕು. ಹಿಂದಿನ ಕೀಲಿನ ಕಡೆಗೆ ಸರಿಸಿದರೆ ತುಳಿತ ಹಗುರ, ನೀರೂ ಸಣ್ಣಗೆ.

"ಅಕ್ಕ, ಭಾರ ಅನ್ನಿಸ್ತಿದೆಯಾ?" ಎಂದು ಅವನು ನಮ್ಮನ್ನು ಕೇಳಿದ. ಯಾರಾದರೂ ನಮ್ಮನ್ನು ಹಾಗೆ ಕೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. "ಹೂಂ ಸಾರ್, ಭಾರ" ಅಂದೆವು. ಅವನು ಸರಿಸಿದ. ಮತ್ತೆ ಕೇಳಿದ, ಮತ್ತೆ ಅಂದೆವು. ಕೊನೆಗೆ ನನ್ನ ಅತ್ತೆ, ಗಾಳಿ ಬೀಸಿದರೆ ಹಾರಿಹೋಗುವ ಮುದುಕಿ, ಹತ್ತಿ ತುಳಿದಳು. ಸಾಹೇಬ ಚಪ್ಪಾಳೆ ತಟ್ಟಿದ. ನಾವೂ ನಕ್ಕೆವು.

ಧಣಿ ನಗಲಿಲ್ಲ, ಮುದುಕಿಯ ಕಾಲನ್ನೇ ನೋಡುತ್ತಿದ್ದ.

ಮರುದಿನವೇ ಗಂಡಸರಿಗೆ ಕೆಲಸವಿಲ್ಲವೆಂದ. ಇಬ್ಬರೂ ಬೆಟ್ಟದಾಚೆಯ ಕಲ್ಲು ಕ್ವಾರಿಗೆ ಹೋದರು. ಧಣಿ ನಮ್ಮನ್ನು ಕರೆದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. "ಹಗುರದ ಕೆಲಸಕ್ಕೆ ಯಾರಾದ್ರೂ ಕೂಲಿ ಕೇಳ್ತಾರೇನಮ್ಮಾ? ತೊಟ್ಟಿ ತುಂಬಿಸಿ, ಆಮೇಲೆ ನಿಮ್ಮ ಮನೆಗೆ ಬೇಕಾದ ನೀರು ಹಿಡ್ಕೊಳ್ಳಿ." ಸಣ್ಣ ನೀರಿಗೆ ತೊಟ್ಟಿ ತುಂಬಬೇಕಾದರೆ ಹೊತ್ತು ಮುಳುಗುತ್ತದೆ. ತುಂಬುವವರೆಗೆ ನಮ್ಮ ಮನೆಯ ಕೊಡ ಒಣಗಿರುತ್ತದೆ. ಕೂತು ಮಾಡುವ ಕೆಲಸದ ಮಾತೇ ಹೋಯಿತು. ಓರಗಿತ್ತಿಗೆ ನಿನ್ನೆಯಿಂದ ಹೊಟ್ಟೆ ಹಿಂಡುತ್ತಿತ್ತು. ಹೀಗೇ ತುಳಿದರೆ ಹಲಗೆಯ ಮೇಲೆಯೇ ಹೆರುತ್ತಾಳೆ, ಇಲ್ಲ ಮಗು ಉಳಿಯುವುದಿಲ್ಲ.

ಇವತ್ತು ಸಾಹೇಬ ಧಣಿಯ ಜೊತೆ ಮತ್ತೆ ಬಂದ. ಓರಗಿತ್ತಿಯ ಫೋಟೋ ತೆಗೆದ. ಬಸುರಿಯೂ ತುಳಿಯಬಲ್ಲ ಪಂಪು ಎಂದು ಅವನ ಮುಖ ಅರಳಿತ್ತು. ನಾನು ಹತ್ತಿರ ಹೋದೆ.

"ಸಾರ್, ಇದನ್ನ ಮತ್ತೆ ಭಾರ ಮಾಡಿಕೊಡಿ."

"ಏನಕ್ಕ, ತಮಾಷೆ ಮಾಡ್ತೀರಾ?"

"ಹಗುರ ಅಂತ ಕೂಲಿ ಹೋಯ್ತು ಸಾರ್. ಹಗುರ ಅಂತ ಇವಳು ಇಳಿಯೋ ಹಾಗಿಲ್ಲ. ಭಾರ ಇದ್ರೆ ಗಂಡಾಳು ಬೇಕಾಗುತ್ತೆ."

ಅವನು ಧಣಿಯ ಕಡೆ ನೋಡಿದ. ಧಣಿ ನಕ್ಕ, ಇವನೂ ನಕ್ಕ. "ಮುಂದಿನ ಸಲ ಇನ್ನೂ ಹಗುರ ಮಾಡ್ತೀನಿ ಬಿಡಿ ಅಕ್ಕ" ಎಂದು ನನ್ನ ಭುಜ ತಟ್ಟಿದ.

ಅವರೆಲ್ಲ ಧಣಿಯ ಮನೆಗೆ ಊಟಕ್ಕೆ ಹೋದರು. ಸಾಹೇಬನ ಚೀಲ ಬಾವಿಕಟ್ಟೆಯ ಮೇಲೇ ಇತ್ತು. ಸ್ಪ್ಯಾನರ್ ತೆಗೆದೆ. ಓರಗಿತ್ತಿಯನ್ನು ಇಳಿಸಿ, ಎರಡೂ ಸರಳುಗಳನ್ನು ಪಾದದ ಕಡೆಯ ತೂತಿಗೆ ತಂದು ಬಿಗಿದೆ. ನಟ್ಟು ಮತ್ತೆ ತಿರುಗದ ಹಾಗೆ ಬೋಲ್ಟಿನ ತುದಿಯನ್ನು ಕಲ್ಲಿನಿಂದ ಜಜ್ಜಿದೆ. ಸ್ಪ್ಯಾನರನ್ನು ಬಾವಿಗೆಸೆದೆ.

"ಅಕ್ಕ, ಕೊಂದು ಹಾಕ್ತಾರೆ" ಅಂದಳು ಓರಗಿತ್ತಿ.

"ನೀನು ಕೂತ್ಕೊ. ಏಳಬೇಡ."

ಮೇಸ್ತ್ರಿ ತೇಗುತ್ತಾ ಬಂದ. ಅವಳು ಕೂತದ್ದನ್ನು ಕಂಡು ಬೈಯುತ್ತಲೇ ತಾನೇ ಹಲಗೆ ಹತ್ತಿದ. ಹಲಗೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಗಳುವಿಗೆ ಜೋತುಬಿದ್ದು ಮೈಭಾರ ಹಾಕಿ ತುಳಿದ. ಭಸ್ಸೆಂದು ನೀರು ಬಂತು. ನಾಲ್ಕು ಸಲ ತುಳಿಯುವಷ್ಟರಲ್ಲಿ ಬೆವರಿ ಇಳಿದ. ಅಷ್ಟರಲ್ಲಿ ಧಣಿ, ಅವನ ಹಿಂದೆ ಸಾಹೇಬ ಬಂದರು.

"ಯಾರೇ ಮುಟ್ಟಿದ್ದು?" ಅಂದ ಧಣಿ.

"ನಾನೇ. ಗಂಡಾಳು ಕರೆಸಿ, ಕೂಲಿ ಕೊಡಿ. ಇಲ್ಲ ಅಂದ್ರೆ ನೀವೇ ಹತ್ತಿ ತುಳೀರಿ ಧಣಿ. ನಡೆದಾಡಿದ ಹಾಗೆ."

ಸಾಹೇಬ ಜಜ್ಜಿದ ಬೋಲ್ಟನ್ನು ಬೆರಳಿಂದ ಸವರುತ್ತಾ, "ಎಷ್ಟು ಕಷ್ಟಪಟ್ಟು ಮಾಡಿದ್ದೆ" ಅಂದ. ಅವನ ಕಣ್ಣಲ್ಲಿ ನೀರಿತ್ತು. ಓರಗಿತ್ತಿಯ ಕಡೆ ಅವನು ತಿರುಗಿಯೂ ನೋಡಲಿಲ್ಲ.

"ಬಡವನ ಸಿಟ್ಟು ದವಡೆಗೆ ಮೂಲ, ತಿಳೀತೇನೇ ಬೋಳಿ?" ಎಂದು ಮೇಸ್ತ್ರಿ ದೊಣ್ಣೆ ಎತ್ತಿಕೊಂಡ.

ಓರಗಿತ್ತಿ ನನ್ನ ಸೆರಗನ್ನು ಬಿಗಿಯಾಗಿ ಹಿಡಿದು ಕೂತೇ ಇದ್ದಳು. ನಾನು ಅವಳ ಮುಂದೆ ಬಂದು ನಿಂತೆ. ಕೈಯಲ್ಲಿ ಕಲ್ಲು ಇನ್ನೂ ಇತ್ತು. ಕೆಳಗಿಡಲಿಲ್ಲ.