ಎಲ್ಲರಿಗಿಂತ ಹಿಂದೆ

ಬೂಟಿನ ಅಡಿಗೆ ಮೆತ್ತಿದ್ದ ಕೆಸರು ಒಣಗಿ ಕಲ್ಲಾಗಿತ್ತು. ತಂಗಿ ಅದನ್ನು ಮೊಂಡು ಚಾಕುವಿನಿಂದ ಕೆರೆಯುತ್ತ ತೀರಿಕೊಂಡ ಅಣ್ಣನ ಅಡುಗೆಮನೆಯಲ್ಲಿ ಕೂತಿದ್ದಳು. ಅವನ ಕಾಲಿಗೆ ಹಾಕಿ ಕಳಿಸಲು ಇಡೀ ಮನೆಯಲ್ಲಿ ಬೇರೆ ಜೊತೆಯೇ ಇರಲಿಲ್ಲ.

"ಸಾಕು ಬಿಡೇ, ಹೇಗೂ ಮಣ್ಣಿಗೇ ತಾನೇ ಹೋಗೋದು," ಎಂದ ಗಂಡ, ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಆ ಗುಡ್ಡದ ಮಣ್ಣು ಹೊತ್ತಿದ್ದು ಸಾಲದಾ? ಇವತ್ತೊಂದಿನ ಆದ್ರೂ ನಮ್ಮೋನಾಗಿರಲಿ."

ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ಗರಗಸ, ಹಗ್ಗದ ಸುರುಳಿ, ಅರ್ಧ ಹೊಲಿದ ಕೈಗವಸು. ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವ ಕೆಲಸ ಮಾಡುತ್ತ ಒಂಟಿಯಾಗಿಯೇ ಉಳಿದ ಮನುಷ್ಯ, ಭಾನುವಾರ ಬಂತೆಂದರೆ ಊರಾಚೆಯ ಗುಡ್ಡ ಹತ್ತುತ್ತಿದ್ದ. ಅಲ್ಲಿ ಬರುವ ಸ್ವಯಂಸೇವಕರನ್ನು ಕಟ್ಟಿಕೊಂಡು ಮುಳ್ಳುಕಳೆ ಕೀಳುವುದು, ಕುಸಿದ ಕಾಲುದಾರಿಗೆ ಕಲ್ಲು ಕೂರಿಸುವುದು, ಸಸಿ ನೆಡುವುದು. ಸಂಬಳವಿಲ್ಲ, ಬಸ್ ಖರ್ಚೂ ಇಲ್ಲ. ತಂಗಿಯ ಬಾಯಲ್ಲಿ ಅದಕ್ಕೆ ಬಿಟ್ಟಿ ಚಾಕರಿ ಎಂದೇ ಹೆಸರು.

* * *

ವರ್ಷಗಳ ಹಿಂದೊಮ್ಮೆ, ತಂಗಿಯ ಮಗಳ ಮದುವೆಯ ಮಾತುಕತೆಗೆ ಸೋದರಮಾವನೇ ನಾಪತ್ತೆ. ಅವಳು ಸಿಟ್ಟಿನಲ್ಲಿ ಗುಡ್ಡ ಹತ್ತಿ ಹೋಗಿ ಬಾಯಿಗೆ ಬಂದಂತೆ ಬೈದಳು. ಅಣ್ಣ ಗುದ್ದಲಿಯ ಕಾವು ನೋಡುತ್ತ ಕೇಳಿಸಿಕೊಂಡ.

"ಹೊತ್ತಾಯ್ತು. ಇಳಿಯೋಣ, ನಡಿ," ಎಂದ.

ಗುಂಪು ಆಗಲೇ ಇಳಿದುಹೋಗಿತ್ತು. ಅವನು ಅವಳನ್ನು ಮುಂದೆ ಬಿಟ್ಟು ಹಿಂದಿನಿಂದ ಬಂದ. ಜೊತೆಗೆ ಬರಲಿ ಎಂದು ಅವಳು ನಿಧಾನ ಮಾಡಿದರೆ ಅವನೂ ನಿಧಾನ. ಬಂಡೆಯ ಮೇಲೆ ಕೂತರೆ ಅವನು ನಿಂತ. ಪಕ್ಕಕ್ಕೆ ಮಾತ್ರ ಬರಲಿಲ್ಲ. ಜೊತೆಗೆ ನಡೆಯಲಿಕ್ಕೂ ನಾನು ಬೇಡವಾದೆನೇ ಎಂದುಕೊಂಡು ಅವಳು ಬಿರಬಿರನೆ ಇಳಿದಳು. ಕೆಳಗಿನ ಗೇಟು ದಾಟಿದ ಮೇಲೆ ಅವನು ಹಿಂದಿನಿಂದ ಏನೋ ಕೂಗಿದ. ಅವಳು ತಿರುಗಿಯೂ ನೋಡದೆ ಬಸ್ ಹತ್ತಿದಳು. ಆಮೇಲೆ ಅವರಿಬ್ಬರ ನಡುವೆ ಉಳಿದದ್ದು ಫೋನಿನಲ್ಲಿ ಆರೋಗ್ಯ ವಿಚಾರಿಸುವಷ್ಟು ಮಾತು.

* * *

ಸ್ಮಶಾನಕ್ಕೆ ಬಂದವರು ಬೆರಳೆಣಿಕೆಯಷ್ಟು ಜನ, ಎಲ್ಲರೂ ಗುಡ್ಡದ ಸ್ವಯಂಸೇವಕರು, ಅಣ್ಣನನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದವರು.

"ನೀವು ಮೇಸ್ತ್ರಿಗೆ ಏನಾಗ್ಬೇಕು?" ಎಂದು ಕೇಳಿದಳು ನರ್ಸ್ ಕೆಲಸದ ಹೆಂಗಸು.

"ತಂಗಿ."

"ಅವರಿಗೆ ತಂಗಿ ಇದ್ರಾ?"

ತಂಗಿ ಸೆರಗು ಸರಿಮಾಡಿಕೊಂಡಳು. "ಮನೆ ಸುದ್ದಿ ಏನೂ ಹೇಳ್ತಿರಲಿಲ್ವಾ?"

"ಹಾರೆ ಹಿಡಿಯೋದು ಹೇಗೆ ಅಂತ ಗಂಟೆಗಟ್ಲೆ ಕೊರೆಯೋರು," ಎಂದ ಬೇಕರಿಯವನು. "ಮನೆ ಮಾತು ಬಂದ್ರೆ ಸಾಕು, ನೀರಿನ ಬಾಟ್ಲಿ ಹುಡುಕೋಕೆ ಶುರು ಮಾಡೋರು."

ಎಲ್ಲರೂ ಸಣ್ಣಗೆ ನಕ್ಕರು. ಅವಳಿಗೂ ನಗು ಬಂತು, ಹಿಂದೆಯೇ ಅಳು.

ಮಣ್ಣು ಮುಚ್ಚಿದ್ದಾಯಿತು. ಹೊರಟಾಗ ನರ್ಸ್ ಅವಳ ಮೊಣಕೈ ಹಿಡಿದಳು. "ನೀವು ಮುಂದೆ ನಡೀರಿ. ಸುಸ್ತಾದೋರು ಯಾವಾಗ್ಲೂ ಮುಂದೆ."

"ಯಾಕೆ?"

"ಮೇಸ್ತ್ರಿ ಮಾಡಿದ ಕ್ರಮ. ಅವರು ಮಾತ್ರ ಎಲ್ಲರಿಗಿಂತ ಹಿಂದೆ. ಮುಂದೆ ಹೋದೋನಿಗೆ ಬಿದ್ದೋರು ಕಾಣಲ್ಲ ಅನ್ನೋರು. ಏನ್ ಮಾಡಿದ್ರೂ ನಮ್ಮನ್ನ ದಾಟ್ತಿರಲಿಲ್ಲ. ಒಂದ್ಸಲ ರೇಗಿಸೋಣ ಅಂತ ನಾನು ದಾರೀಲಿ ಕೂತೇಬಿಟ್ಟೆ. ಪುಣ್ಯಾತ್ಮ, ಹಿಂದೆ ನಿಂತೇ ಇದ್ರು!"

ತಂಗಿ ನಿಂತುಬಿಟ್ಟಳು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮುನಿಸನ್ನು ಈಗ ಯಾರ ಮುಂದೆ ಇಳಿಸುವುದು? ಒಂದು ಮಾತು ಕೇಳಿದ್ದರೆ ಅವನು ಹೇಳುತ್ತಿದ್ದನಲ್ಲ. ಹೇಳದೆಯೂ ಇರುತ್ತಿದ್ದನೇನೋ, ಮೂದೇವಿ.

"ನೀವೆಲ್ಲ ನಡೀರಿ," ಎಂದಳು. "ಹಿಂದೆ ನಾನು ಬರ್ತೀನಿ."

ಅವರು ಸಾಲಾಗಿ ನಡೆದರು. ಅವಳು ಯಾರನ್ನೂ ದಾಟದೆ ಕೊನೆಯಲ್ಲಿ ಬಂದಳು. ಗೇಟು ದಾಟಿದ ಮೇಲೆ ಎಲ್ಲರೂ ನಿಂತು ಅವಳ ಕಡೆಗೆ ತಿರುಗಿದರು. ಗಂಡ ಏನೂ ತೋಚದೆ ಅವರ ಮುಖ ನೋಡಿದ.

"ಯಾಕೆ ನಿಂತ್ರಿ?" ಎಂದಳು, ತಾನೂ ಗೇಟಿನಾಚೆ ಬಂದು.

ಬೇಕರಿಯವನು ತಲೆ ತಗ್ಗಿಸಿದ. "ಅಭ್ಯಾಸಬಲ, ಅಕ್ಕಾ. ಗುಡ್ಡದಲ್ಲಿ ಕೊನೇಲಿ ಬಂದೋರು 'ಎಲ್ಲಾ ಬಂದಾಯ್ತು' ಅಂತ ಕೂಗ್ಬೇಕು. ಆಮೇಲೇನೇ ನಾವು ಗೇಟು ಹಾಕ್ಕೊಂಡು ಮನೆಗೆ ಹೋಗೋದು."

ಅಂದು ಅಣ್ಣ ಕೂಗಿದ್ದು ಅದೇ.

ಅವಳು ಹಿಂತಿರುಗಿ ನೋಡಿದಳು. ಉದ್ದನೆಯ ದಾರಿ, ಅದರ ಕೊನೆಗೆ ಹಸಿಮಣ್ಣಿನ ದಿಬ್ಬ. ಅವಳು 'ಎಲ್ಲಾ' ಎಂದಳು, ಮುಂದಿನದನ್ನು ಕೂಗಲಿಲ್ಲ. ಬೇಕರಿಯವನು ಚಿಲಕದ ಮೇಲೆ ಕೈಯಿಟ್ಟುಕೊಂಡು ಕಾಯುತ್ತಲೇ ಇದ್ದ. ಗೇಟು ತೆರೆದೇ ಇತ್ತು.